ಆಯಿ ಬೇಡವೆಂದ ಬಿಲ್ಲು

ಕಳೆದ ವಾರ ಬೆಳಗಾವಿಯಲ್ಲಿ ಟಿಳಕವಾಡಿಯ ರೈಲ್ವೆ ಗೇಟು ಹಾಕಿದಾಗ ನನ್ನ ಸ್ಕೂಟರಿನ ಬಾಜು ಕಟ್ಟಿಗೆ ತುಂಬಿದ ಲಾರಿಯೊಂದು ನಿಂತಿತ್ತು. ಖಾನಾಪುರದ ಕಡೆಯಿಂದ ಬಂದದ್ದಿರಬೇಕು. ದಿಮ್ಮಿಗಳು ಮಳೆಗೆ ನೆನೆದು ಕಪ್ಪಾಗಿದ್ದವು, ಅಲ್ಲಲ್ಲಿ ತೊಗಟೆ ಸುಲಿದು ಜೋತಾಡುತ್ತಿತ್ತು. ಹಸಿ ತೊಗಟೆಯ ಆ ವಾಸನೆ, ಸ್ವಲ್ಪ ಒಗರು, ಸ್ವಲ್ಪ ಕೆಸರು, ನೀರಲ್ಲಿ ಬಿದ್ದ ಗೋಣಿಚೀಲದಂಥದು, ನಿಮಗೂ ಎಲ್ಲಿಯದೋ ನೆನಪು ತಂದೀತು. ಗೇಟು ತೆರೆದದ್ದು ನನಗೆ ತಿಳಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದಾಗ ಗಾಡಿಯನ್ನು ಬದಿಗೆ ತಳ್ಳಿಕೊಂಡು ಹೋಗಿ ನಿಂತೆ. ಲಾರಿ ಹೋದ ಮೇಲೂ ಗಾಡಿ ಚಾಲೂ ಮಾಡಲಿಲ್ಲ. ಇಷ್ಟು ವರ್ಷಗಳ ಮೇಲೂ ಹೀಗಾಗುವುದು ನನಗೇ ಸಾಕಾಗಿದೆ.

ಖಾನಾಪುರದ ಕಡೆ ಬೀಡಿ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ ನಮ್ಮವ್ವನ ತವರುಮನೆ. ಮುತ್ಯಾ, ಅಂದರೆ ಅವ್ವನ ಅಪ್ಪ, ಹೊಲದ ಕೆಲಸ ಮುಗಿದ ಮೇಲೆ ಬಿಲ್ಲು ಮಾಡುತ್ತಿದ್ದ. ಬಾಣ ಬಿಡುವ ಬಿಲ್ಲಲ್ಲ, ಗೋವಿನಜೋಳಕ್ಕೆ ಬೀಳುವ ಮಂಗಗಳನ್ನು ಮಣ್ಣಿನ ಗುಂಡು ಹೊಡೆದು ಓಡಿಸುವ ಬಿಲ್ಲು. ಹಿತ್ತಲಾಚೆಯ ತಡಸಲು ಮರದ ಕಟ್ಟಿಗೆ, ಮರಾಠಿ ಮಾತಾಡುವ ನೆರೆಯವರು ಅದಕ್ಕೆ ಧಾಮಣ ಅನ್ನುತ್ತಿದ್ದರು. ಹಿಡಿಕೆಗೆ ಅದೇ ಮರದ ತೊಗಟೆ. ಮೊದಲ ಮಳೆ ಬಿದ್ದಾಗ ಟೊಂಗೆಯಿಂದ ಉದ್ದುದ್ದ ಪಟ್ಟಿ ಎಳೆದು, ಮೇಲಿನ ಒರಟನ್ನು ಹೆರೆದು, ಹಿತ್ತಾಳೆಯ ಪರಾತದಲ್ಲಿ ನೆನೆಹಾಕುತ್ತಿದ್ದರು. ಒದ್ದೆ ಇರುವಾಗಲೇ ಒಂದರ ಮೇಲೊಂದು ಅಂಚು ಕೂರುವಂತೆ ಬಿಗಿದು ಸುತ್ತಿ ನೆರಳಲ್ಲಿ ಒಣಗಿಸಿದರೆ ಅದು ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತಿತ್ತು. ಮಳೆಯಲ್ಲಿ ಕೈ ಎಷ್ಟೇ ಒದ್ದೆಯಾದರೂ ಬಿಲ್ಲು ಜಾರುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕೆತ್ತಿದವರು ಸುತ್ತಬಾರದು. ಕೆತ್ತುವುದು ಮುತ್ಯಾನ ಕೆಲಸ, ಸುತ್ತುವುದು ನಮ್ಮ ಆಯಿಯದು, ಅವನ ಹೆಂಡತಿಯದು. ತೊಗಟೆ ಸುತ್ತಿದ ಮೇಲೆ ಹಿಡಿಕೆಯಲ್ಲಿ ಸೀಳು ಇದ್ದರೂ ಯಾರಿಗೂ ಕಾಣುವುದಿಲ್ಲ. ತಾನೇ ಕೆತ್ತಿದವನಿಗೆ ಅದನ್ನು ಒಲೆಗೆ ಹಾಕಲು ಮನಸ್ಸು ಬರುವುದಿಲ್ಲ. ಅದಕ್ಕೇ ಬರಿಯ ಹಿಡಿಕೆಯ ಮೇಲೆ ಆಯಿ ಹೆಬ್ಬೆರಳಿನ ಉಗುರು ಎಳೆದು ನೋಡುತ್ತಿದ್ದಳು. ಒಪ್ಪಿದರೆ ಪರಾತಕ್ಕೆ ಕೈ, ಒಪ್ಪದಿದ್ದರೆ ಬಿಲ್ಲು ಗೋಡೆಗೆ. "ಇದು ರೊಟ್ಟಿ ಸುಡಾಕ ಚೊಲೊ ಐತ್ರಿ" ಅನ್ನುತ್ತಿದ್ದಳು. ಮುತ್ಯಾ ನನ್ನ ಕಡೆ ತಿರುಗಿ, ನಿಮ್ಮ ಆಯಿಯ ಹೆಬ್ಬೆರಳು ನನ್ನ ಸಾಲಿ ಮಾಸ್ತರ ನೋಡು, ಇನ್ನೂ ಪಾಸ್ ಮಾಡವಲ್ದು ಎಂದು ನಗುತ್ತಿದ್ದ. ಆ ನಗು, ಉಳಿಯ ಟಕಟಕ, ಅಡುಗೆಮನೆಯಿಂದ ಬರುವ ರೊಟ್ಟಿ ಬಡಿಯುವ ಸದ್ದು ಎಲ್ಲ ಒಂದರೊಳಗೊಂದು ಬೆರೆತ ಮಧ್ಯಾಹ್ನಗಳು ಅವು. ರಜೆಗೆಂದು ಹೋದವಳು ಸಾಲಿ ಶುರುವಾದರೂ ಬೆಳಗಾವಿಗೆ ಬರಲು ಅಳುತ್ತಿದ್ದೆ.

ನಾನು ಏಳನೆಯ ಇಯತ್ತೆ ಮುಗಿಸಿದ ವರ್ಷ ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಮಂದಿಯ ಮುಖ ಬಿಟ್ಟು ದನಿಯಿಂದ ಗುರುತು ಹಿಡಿಯುತ್ತಿದ್ದಳು. ಆ ಹಂಗಾಮಿನಲ್ಲಿ ಅವಳು ಸಾಲಾಗಿ ಮೂರು ಬಿಲ್ಲು ಬೇಡವೆಂದಳು. ಮೂರನೆಯದು ಚೆಂದದ್ದು, ಮುತ್ಯಾ ಅದರ ಮೇಲೆ ಎಂಟು ದಿನ ಕೂತಿದ್ದ. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಏನೂ ಕಾಣಲಿಲ್ಲ. "ಆಕಿಗೆ ಕಣ್ಣ ಕಾಣವಲ್ದು, ಪಾಪ" ಎಂದು ಮೆತ್ತಗೆ ಅಂದ. ಆಯಿ ಊಟ ಮಾಡಿ ಅಡ್ಡಾದಾಗ ಪರಾತದಿಂದ ತೊಗಟೆ ತೆಗೆದು ತಾನೇ ಸುತ್ತಿದ. ನಾನು ಪಟ್ಟಿಯ ತುದಿ ಹಿಡಿದೆ. ಉಗುರಿಗೆ ಕಣ್ಣು ಬೇಕಾಗಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೇನೋ, ಆದರೂ ಸುತ್ತುತ್ತಲೇ ಹೋದೆವು.

ಎರಡು ದಿನ ಬಿಟ್ಟು ಸೋದರಮಾವ ಆ ಬಿಲ್ಲನ್ನು ಎಳೆದು ನೋಡಲು ಅಂಗಳದಲ್ಲಿ ನಿಂತ. ಆಯಿ ಬಾಗಿಲ ಬಾಜು ಕಟ್ಟೆಯ ಮೇಲೆ, ನಾನು ಅವಳೆದುರು. ಮುತ್ಯಾ ಗುಂಡಿನ ಬುಟ್ಟಿಗೆ ಬಗ್ಗಿದ್ದ. ಮಾವ ಹೆದೆಯನ್ನು ಗಲ್ಲದವರೆಗೆ ತಂದ. ಒಣ ಬಿದಿರು ಸಿಡಿದಂಥ ಸದ್ದು. ಹಿಡಿಕೆಯಲ್ಲೇ ಮುರಿದ ಬಿಲ್ಲಿನ ಮೇಲರ್ಧ ಹೆದೆ ಹರಿದುಕೊಂಡು ಬಂದು, ಆಯಿಯ ಕಿವಿಯ ಪಕ್ಕದಿಂದ ಪಡಸಾಲೆಯ ಕತ್ತಲೆಯೊಳಗೆ ಹೋಗಿ ಜೋಳದ ಚೀಲದ ಮೇಲೆ ಬಿತ್ತು. ಅವಳ ಸೆರಗಿನ ಅಂಚು ಎದ್ದು ಕೂತಿತು. ಮಾವ ಕೈ ಹಿಡಿದುಕೊಂಡು ಕುಸಿದಿದ್ದ. ಆ ತುಂಡು ಹಾದುಹೋದದ್ದನ್ನು ಕಂಡವಳು ನಾನೊಬ್ಬಳೇ. ಆಯಿ ಕತ್ತು ಕೂಡ ಅಲುಗಿಸಿರಲಿಲ್ಲ. "ಏನ ಹಾರಿ ಹೋತು ತಂಗಿ, ಗುಬ್ಬಿಯೇನ?" ಎಂದಳು.

ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರದ ತಾಸಿನಲ್ಲಿ ಮಾಸ್ತರರು ಪಟ್ಟಿಯೊಂದನ್ನು ಬಗ್ಗಿಸಿ, ಬಾಗಿದ ವಸ್ತು ತನ್ನೊಳಗೆ ಎಷ್ಟು ಶಕ್ತಿ ಹಿಡಿದಿಟ್ಟಿರುತ್ತದೆ ಎಂದು ಲೆಕ್ಕ ಬಿಡಿಸಿದರು. ನಾನು ಎದ್ದು ಹೊರಗೆ ಬಂದೆ. ಉತ್ತರ ನನಗೆ ಬೇಕಾಗಿರಲಿಲ್ಲ.

ಬಿಲ್ಲು ಮುರಿದ ದಿನ ಆಯಿಗೆ ಯಾರೂ ಏನೂ ಹೇಳಲಿಲ್ಲ. ಆದರೆ ಮರುದಿನ ಕಾಳು ತೆಗೆಯಲು ಹೋದವಳ ಕೈಗೆ ಚೀಲಗಳ ನಡುವೆ ಆ ತುಂಡು ಸಿಕ್ಕಿತು. ಹರಿದ ತೊಗಟೆಯ ಮೇಲೆ ಬೆರಳಾಡಿಸಿದಳು. ತನ್ನ ಕೈಯ ಸುತ್ತಲ್ಲ ಎಂದು ತಿಳಿಯಲು ಅವಳಿಗೆ ಅಷ್ಟು ಸಾಕಿತ್ತು. ನನ್ನನ್ನು ಕರೆದು ಕೂರಿಸಿಕೊಂಡಳು. "ಎಷ್ಟ ದೂರದಿಂದ ಹೋತವಾ?" ಎಂದು ಕೇಳಿದಳು. ಬಾಯಲ್ಲಿ ಹೇಳಲಾಗದೆ ಅವಳ ಕಿವಿಯ ಹತ್ತಿರ ಕೈ ಹಿಡಿದೆ. ಕಿವಿಗೂ ನನ್ನ ಅಂಗೈಗೂ ನಡುವೆ ಅವಳು ತನ್ನ ಬೆರಳುಗಳನ್ನು ತೂರಿಸಿದಳು. ನಾಲ್ಕು ಬೆರಳು ಹಿಡಿದವು, ಐದನೆಯದಕ್ಕೆ ಜಾಗವಿರಲಿಲ್ಲ. ಬೆರಳು ಹಿಂದಕ್ಕೆ ಎಳೆದುಕೊಂಡು ಅಂದಳು: "ನಿಮ್ಮ ಮುತ್ಯಾ ಕೇಳ್ತಾರ. ಎರಡ ಗೇಣಂತ ಹೇಳು."

ಅವನು ಕೇಳಿದ. ನನ್ನನ್ನು ಬೆಳಗಾವಿಯ ಬಸ್ಸು ಹತ್ತಿಸಲು ಬಂದಾಗ, ಬೇರೆ ಕಡೆ ನೋಡುತ್ತ, ಖರೇ ಹೇಳು ಅಂದ. ಎರಡು ಗೇಣು ಅಂದೆ. ಅವನು ತನ್ನ ಕಿವಿಯಿಂದ ಗಾಳಿಯಲ್ಲಿ ಒಂದು ಗೇಣು ಅಳೆದ. ಇನ್ನೊಂದು ಅಳೆಯುವಾಗ ಅಗಲಿಸಿದ ಬೆರಳುಗಳು ನಡುವೆಯೇ ಮಡಚಿಕೊಂಡವು. "ಅಷ್ಟ ಏನು" ಎಂದ.

ಅವನು ಮತ್ತೆ ಬಿಲ್ಲು ಕೆತ್ತಲಿಲ್ಲ. ಮಳೆ ಬಿದ್ದಾಗ ಆಯಿ, ಸುತ್ತೂದು ಏನರ ಐತೇನ್ರಿ ಎಂದು ಕೇಳುತ್ತಿದ್ದಳಂತೆ. ಚೊಲೊ ಕಟಗಿ ಸಿಕ್ಕಿಲ್ಲ ಎಂದು ಅವನು ಹೇಳುತ್ತಿದ್ದನಂತೆ, ಹಿತ್ತಲಾಚೆ ಮರ ನಿಂತೇ ಇತ್ತು. ಇಬ್ಬರೂ ಹೋಗಿ ಬಹಳ ವರ್ಷವಾಯಿತು. ಮಾವ ಈಗ ಸದಾಶಿವನಗರದಲ್ಲಿದ್ದಾನೆ. ಆ ಮಾತು ಎತ್ತುವುದಿಲ್ಲ. ಆಯಿಯನ್ನು ಮಣ್ಣು ಮಾಡಿದ ದಿನ ಮುತ್ಯಾ ನನ್ನನ್ನು ಹತ್ತಿರ ಕರೆದಿದ್ದ. ಏನೋ ಕೇಳುತ್ತಾನೆಂದು ನಾನು ಕಾದೆ. ಅವನು ಕೇಳಲಿಲ್ಲ. ಕೇಳಿದ್ದರೆ, ಎರಡು ಗೇಣು ಎಂದೇ ಹೇಳುತ್ತಿದ್ದೆ.