ಬಂಗುಡೆ ಪೆಟ್ಟಿಗೆಯ ಮಂಜುಗಡ್ಡೆ

ಪಾದರಸ ಸೊನ್ನೆಯ ಗೆರೆಗಿಂತ ಎರಡು ಗೆರೆ ಕೆಳಗೆ ನಿಂತಿತ್ತು. ಬೀಕರಿನಲ್ಲಿ ಮಂಜುಗಡ್ಡೆ ಇನ್ನೂ ಕರಗುತ್ತಿತ್ತು. ಮುಂದಿನ ಬೆಂಚಿನ ಹುಡುಗಿ ಬಗ್ಗಿ ಓದಿ, "ಮೈನಸ್ ಎರಡು ಸರ್" ಅಂದಳು.

"ಸರಿಯಾಗಿ ನೋಡು," ಎಂದರು ಶಾಲಾ ಇನ್ಸ್‌ಪೆಕ್ಟರು.

ಅವಳು ಸರಿಯಾಗಿ ನೋಡಿದಳು. "ಮೈನಸ್ ಎರಡೇ ಸರ್."

ಎಪ್ಪತ್ತರ ದಶಕದ ಕೊನೆಯ ಒಂದು ಡಿಸೆಂಬರ್. ಕೊಟ್ಟಿಗೆಹಾರದ ಬಳಿಯ ಹೈಸ್ಕೂಲಿನಲ್ಲಿ ನಾನು ತಾತ್ಕಾಲಿಕ ವಿಜ್ಞಾನ ಶಿಕ್ಷಕಿ. ಅಂದಿನ ಪಾಠ ಇನ್ಸ್‌ಪೆಕ್ಟರಿಗೆ ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲವಾದರೆ ಮನೆಗೆ ಹಿಂತಿರುಗಿ, ಅಲ್ಲಿ ಆಗಲೇ ಶುರುವಾಗಿದ್ದ ಮದುವೆಯ ಮಾತಿಗೆ ತಲೆಯಾಡಿಸುವುದು. ದ್ರವ್ಯದ ಸ್ಥಿತಿಗಳ ಪಾಠವನ್ನು ಆರಿಸಿಕೊಂಡಿದ್ದೆ. ಮಂಜುಗಡ್ಡೆ ಸೊನ್ನೆಯಲ್ಲಿ ಕರಗುತ್ತದೆ, ನೀರು ನೂರರಲ್ಲಿ ಕುದಿಯುತ್ತದೆ. ಇದರಲ್ಲಿ ವಾದಕ್ಕೆ ಜಾಗವಿಲ್ಲ ಎಂದು ನಂಬಿದ್ದೆ.

ಮಂಜುಗಡ್ಡೆ ನಮಗೆ ಸಿಗುತ್ತಿದ್ದದ್ದು ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿನ ಲಾರಿಯಲ್ಲಿ ಮಾತ್ರ. ಮೀನು ಮಾರುವ ಸಾಹೇಬರು ಪೆಟ್ಟಿಗೆಯಿಂದ ಒಂದು ಗಡ್ಡೆ ಎತ್ತಿಕೊಟ್ಟು, "ಐಸ್ ಮಾತ್ರ ಸಾಕಾ ಟೀಚರೇ? ಬಂಗುಡೆ ಬೇಜಾರು ಮಾಡ್ಕೊಳ್ತದೆ," ಎಂದಿದ್ದರು. ನಲ್ಲಿಯ ಕೆಳಗೆ ಹಿಡಿದು ತೊಳೆದೆ. ವಾಸನೆ ಹೋಯಿತು. ಪೆಟ್ಟಿಗೆ ಇನ್ನಷ್ಟು ತಣ್ಣಗಿರಲೆಂದು ಐಸಿಗೆ ಬೆರೆಸುವ ಉಪ್ಪು ಹೋಗಲಿಲ್ಲ.

ಸ್ಟೌವಿನ ಮೇಲಿಟ್ಟ ಮೇಲೆ ಆ ನೀರು ತೊಂಬತ್ತೇಳರಲ್ಲೇ ಕೊತಕೊತ ಕುದಿಯಿತು; ಪಾದರಸ ಮುಂದಕ್ಕೆ ಹೋಗಲೊಪ್ಪಲಿಲ್ಲ. ಹೆಡ್‌ಮಾಸ್ಟರು ನನ್ನ ಹಿಂದೆ ಬಂದು ಪಿಸುಗುಟ್ಟಿದರು: "ಸೊನ್ನೆ, ನೂರು ಅಂತ ಹೇಳ್ಬಿಡಿ ಮಾರಾಯ್ರೆ. ಪುಸ್ತಕದಲ್ಲಿ ಹಾಗೇ ಉಂಟಲ್ಲ."

ಇನ್ಸ್‌ಪೆಕ್ಟರು ದಯಾಳುಗಳು. "ಥರ್ಮಾಮೀಟರ್ ಕೆಟ್ಟಿದೆ ಅಂತ ಬರೀತೀನಿ. ನಿಮ್ಮ ಪಾಠ ಚೆನ್ನಾಗಿದೆ," ಎಂದು ಪೆನ್ನು ತೆಗೆದರು. ಅಷ್ಟರಲ್ಲಿ ಅಟೆಂಡರ್ ಬೀಕರನ್ನು ಒಳಗೆ ಒಯ್ದು, ಕಾಫಿಯ ಲೋಟ ಹಿಡಿದು ಹಿಂತಿರುಗಿದ.

"ಇಷ್ಟು ಬೇಗನಾ?" ಎಂದರು ಹೆಡ್‌ಮಾಸ್ಟರು.

"ಕುದ್ದ ನೀರು ಇತ್ತಲ್ಲ ಸರ್. ಸೀಮೆಎಣ್ಣೆ ಸುಟ್ಟು ಕಾಯ್ಸಿದ್ದನ್ನ ಚೆಲ್ಲೋದ್ಯಾಕೆ?"

ಮೊಟ್ಟೆ ಬೇಯಿಸುವ ಹೋಟೆಲೆಂದು ಬೆಳಗಿನ ತಿಂಡಿಯನ್ನೇ ಬಿಟ್ಟುಬಂದಿದ್ದ ಇನ್ಸ್‌ಪೆಕ್ಟರು ಲೋಟವನ್ನು ತುಟಿಯ ಹತ್ತಿರ ಒಯ್ದರು. ನಾನು ಸುಮ್ಮನಿದ್ದಿದ್ದರೆ ಕೆಲಸ ನನ್ನದಾಗುತ್ತಿತ್ತು.

"ಕುಡಿಯಬೇಡಿ ಸರ್," ಎಂದೆ. "ಥರ್ಮಾಮೀಟರ್ ಸರಿಯಾಗಿದೆ. ನಾವು ಎತ್ತರದಲ್ಲಿರೋದ್ರಿಂದ ನೀರು ಬೇಗ ಕುದಿಯುತ್ತೆ. ಐಸಿನಲ್ಲಿ ಉಪ್ಪಿದೆ, ಅದಕ್ಕೆ ಮೈನಸ್."

"ಐಸಿಗೆ ಉಪ್ಪು ಎಲ್ಲಿಂದ ಬಂತು?"

"ಮೀನಿನ ಪೆಟ್ಟಿಗೆಯಿಂದ ಸರ್."

ಅವರು ಲೋಟವನ್ನು ಮೇಜಿನ ತುದಿಗೆ ಸರಿಸಿದರು.

"ಯಾವ ಮೀನು?"

"ಬಂಗುಡೆ ಸರ್."

ಬೇರೆ ಮೀನಾಗಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ಅವರು ಪೆನ್ನಿನ ಕ್ಯಾಪು ಹಾಕಿದರು. "ನಾಳೆ ಬೆಳಿಗ್ಗೆ ಇನ್ನೊಂದ್ಸಲ ತೋರ್ಸಿ. ಶುದ್ಧವಾದದ್ದು ಏನಾದ್ರೂ. ಆಮೇಲೆ ನಿಮ್ಮ ಕೆಲಸದ ವಿಷ್ಯ ನೋಡೋಣ."

ಹೊರಗೆ ಹೆಡ್‌ಮಾಸ್ಟರು ಬೇಸರದಿಂದ ಹೇಳಿದರು: "ಸತ್ಯಕ್ಕೂ ಒಂದು ಹೊತ್ತು ಬೇಡ್ವಾ? ಒಂದು ಗುಟುಕು ಇಳಿದ್ಮೇಲೆ ಹೇಳಿದ್ರೆ, ಅವ್ರು ಅದನ್ನ ಯಾರ ಹತ್ರಾನೂ ಬಾಯಿ ಬಿಡ್ತಿರ್ಲಿಲ್ಲ."

ಮರುದಿನ ಬೆಳಿಗ್ಗೆ ನನ್ನ ಕೋಣೆಯ ಕಿಟಕಿಯಲ್ಲಿದ್ದ ತೆಂಗಿನೆಣ್ಣೆ ಚಳಿಗೆ ಬೆಳ್ಳಗೆ ಗಟ್ಟಿಯಾಗಿತ್ತು. ತಲೆಗೆ ಹಚ್ಚಿಕೊಳ್ಳದೆ ಬಾಟಲಿಯನ್ನು ಶಾಲೆಗೆ ಒಯ್ದೆ. ಅದರ ಕರಗುವ ಬಿಂದು ಪಠ್ಯಪುಸ್ತಕದಲ್ಲಿಲ್ಲ ಎಂಬುದನ್ನು ಮೊದಲೇ ನೋಡಿಕೊಂಡಿದ್ದೆ. ಹೇರ್‌ಪಿನ್ನಿನಿಂದ ಸ್ವಲ್ಪ ಕೆದಕಿ ಪ್ರನಾಳಕ್ಕೆ ಹಾಕಿ, ಉಗುರುಬೆಚ್ಚನೆಯ ನೀರಿನಲ್ಲಿ ಹಿಡಿದೆ.

"ಇಪ್ಪತ್ತನಾಲ್ಕು ಸರ್," ಎಂದಳು ಹುಡುಗಿ.

ಹೋಲಿಸಿ ನೋಡಲು ಏನೂ ಇಲ್ಲದ ಇನ್ಸ್‌ಪೆಕ್ಟರು "ಸರಿಯಾಗಿದೆ" ಎಂದು ಕಾಯಂಗೆ ಶಿಫಾರಸು ಬರೆದು ಸಹಿ ಹಾಕಿದರು. ನಾನು ಸ್ಟಾಫ್ ರೂಮಿನ ಬಾಗಿಲು ಮುಚ್ಚಿಕೊಂಡು, ಕರಗಿದ್ದಷ್ಟು ಎಣ್ಣೆಯನ್ನು ತಲೆಗೆ ಹಚ್ಚಿ, ಜಡೆ ಹಾಕಿಕೊಂಡೆ.