ಮಗ್ಗದ ಹಿಂದಿನ ಗೋಡೆ

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ: ನನ್ನ ಮೊಮ್ಮಗಳು ಚಂದ್ರಕಲಾಗೆ ಇಲ್ಲೇ ಹತ್ತಿರದ ರಾಂಪುರದ ಆಸ್ಪತ್ರೆಗೆ ವರ್ಗವಾಗಿದೆ. ಮೂರು ವರ್ಷ ಕಾರವಾರದಲ್ಲಿ ನರ್ಸಾಗಿದ್ದವಳು ಇನ್ನು ಮೇಲೆ ಮೊಳಕಾಲ್ಮೂರಿನ ನಮ್ಮ ಮನೆಯಿಂದಲೇ ಬಸ್ಸು ಹತ್ತಿ, ಕೆಲಸ ಮುಗಿಸಿ ನಮ್ಮ ಮನೆಗೇ ಬರುತ್ತಾಳೆ. ಹಾಲಿನವಳಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಈಗ ನಿಮಗೂ ಹೇಳಿದೆ. ಇನ್ನೊಮ್ಮೆ ಹೇಳೆಂದರೂ ನನಗೆ ಬೇಸರವಿಲ್ಲ.

ಸಂತೋಷ ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿಯುತ್ತದೆ. ನನ್ನದು ಬಾಯಿಗೆ ಬಂತು, ಅವಳಪ್ಪ, ಅಂದರೆ ನನ್ನ ಮಗ ಮಂಜಣ್ಣನದು ಕೈಗೆ ಬಂತು. "ಮಗಳು ಮನೆಗೆ ಬರ್ತಾಳಂದ್ರೆ ಮನೆಯಾಗೇ ಒಂದು ಥಿಯೇಟರ್ ಇರ್ಲಿ" ಎಂದು, ಆಗಷ್ಟೇ ಬಂದಿದ್ದ 'ಏಯ್ಟ್ ಕೆ' ಪ್ರೊಜೆಕ್ಟರಿನ ಮೇಲೆ ಕಣ್ಣು ಹಾಕಿದ. ಕೂದಲೆಳೆಯಷ್ಟು ಸಣ್ಣದನ್ನೂ ಬಿಡಿಸಿ ತೋರಿಸುತ್ತದಂತೆ. ತೊಡಕು ಒಂದೇ. ಅದರ ಚಿತ್ರ ಬೀಳುವಷ್ಟು ಅಗಲದ ಗೋಡೆ ಇರುವುದು ನಮ್ಮ ಪಡಸಾಲೆಯಲ್ಲಿ ಮಾತ್ರ, ಆ ಗೋಡೆಯ ಮುಂದೆ ನನ್ನ ರೇಷ್ಮೆ ಮಗ್ಗ ಕೂತಿದೆ. ಅದು ಬರಬೇಕಾದರೆ ಇದು ಏಳಬೇಕು, ಒಮ್ಮೆ ಬಿಚ್ಚಿದ ಮಗ್ಗವನ್ನು ಈ ವಯಸ್ಸಿನಲ್ಲಿ ಮತ್ತೆ ಕೂರಿಸುವ ತ್ರಾಣ ನನಗಿಲ್ಲ. ಆದರೂ "ಬಿಚ್ಚಿದ್ರಾಯ್ತು ಬಿಡು" ಎಂದುಬಿಟ್ಟೆ. ಹಿಗ್ಗಿದವನ ನಾಲಿಗೆಗೆ ಬೀಗವೆಲ್ಲಿ?

ಚಂದ್ರಕಲಾ ಸಂಜೆಗೆ ಬರುವವಳಿದ್ದ ದಿನವೇ, ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಚಳ್ಳಕೆರೆಯ ಅಂಗಡಿಗೆ ಹೋದೆವು. ಸ್ಟ್ಯಾಂಡಿಗೆ ಬಿಗಿದ ಬಿಳಿ ಪರದೆಯ ಮೇಲೆ ಅಂಗಡಿಯಾತ ನವಿಲೊಂದನ್ನು ಕುಣಿಸಿದ; ಗರಿಯ ಒಂದೊಂದು ಎಸಳೂ ಎಣಿಸುವ ಹಾಗಿತ್ತು. ನಾನು ಎದ್ದು ಪರದೆಯ ಹಿಂದೆ ಹೋದೆ.

"ಅಲ್ಲೇನೂ ಇಲ್ರೀ ಯಜಮಾನ್ರೇ!" ಎಂದ ಅಂಗಡಿಯಾತ.

"ಸೀರೆ ನೋಡ್ದಂಗೆ ಹಿಂಬದಿ ನೋಡಾಕೆ ಹೋಗ್ಯಾನೆ ನಮ್ಮಪ್ಪ" ಎಂದು ಮಂಜಣ್ಣ ತಲೆ ಚಚ್ಚಿಕೊಂಡ.

ಏನು ಮಾಡಲಿ, ನಾವು ನೇಯುವವರು ಬಟ್ಟೆಯ ಮುಖಕ್ಕೆ ಮರುಳಾಗುವುದಿಲ್ಲ. ಗಂಟು, ಕಡಿದ ಎಳೆ ಎಲ್ಲ ಹಿಂದೆ ಸಿಗುತ್ತವೆ. ನಾಚಿಕೆ ಮುಚ್ಚಿಕೊಳ್ಳಲು ಒಂದು ಪ್ರಶ್ನೆ ಕೇಳಿದೆ: "ಮಗ್ಗ ನಾಜೂಕಿಂದೇ ಸರಿ, ಅದಕ್ಕೆ ತಕ್ಕ ನೂಲು ಐತೇನು?" ಮಗ್ಗವೆಂದರೆ ಮಿಷನ್ನು, ನೂಲೆಂದರೆ ಸಿನಿಮಾ ಎಂದು ಮಂಜಣ್ಣ ಬಿಡಿಸಿ ಹೇಳಿದ ಮೇಲೆ ಅಂಗಡಿಯಾತ ನಕ್ಕ. "ಒಳ್ಳೆ ಮಾತು ಕೇಳಿದ್ರಿ. ಇದಕ್ಕಂತ್ಲೇ ತೆಗೆದ ಸಿನಿಮಾ ಇನ್ನೂ ಭಾಳ ಕಮ್ಮಿ. ಈಗಿರೋವನ್ನ ಹಾಕಿದ್ರೆ ನಡುವೆ ಇಲ್ಲದ್ದನ್ನ ಮಿಷನ್ನೇ ಊಹೆ ಮಾಡಿ ತುಂಬ್ತದೆ."

ಎರಡು ಎಳೆಗಳ ನಡುವೆ ತನ್ನದೊಂದು ಎಳೆ ಸೇರಿಸುವ ಯಂತ್ರ! ಬೈಯಲು ಹೊರಟವನಿಗೆ ನನ್ನದೇ ನೆನಪಾಯಿತು. ಮೂರು ವರ್ಷ ಫೋನಿನಲ್ಲಿ ಮೊಮ್ಮಗಳ ಮುಖ ಚೌಕ ಚೌಕವಾಗಿ ಒಡೆದು ನಿಂತಾಗಲೆಲ್ಲ, ಉಳಿದದ್ದನ್ನು ನಾನೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದೆ, ಅವಳು ನಗುತ್ತಿದ್ದಾಳೆ, ಉಂಡಿದ್ದಾಳೆ, ಚೆನ್ನಾಗಿದ್ದಾಳೆ ಎಂದು. ದೂರದಲ್ಲಿರುವವರನ್ನು ನಾವು ಅರ್ಧ ಕಂಡು ಅರ್ಧ ಊಹಿಸಿಯೇ ಪ್ರೀತಿಸುವುದಲ್ಲವೇ?

"ಈಗ ಬ್ಯಾಡ. ನೂಲು ಬರ್ಲಿ, ಆಮೇಲೆ ತಗಳಾಣ" ಎಂದೆ. ವಾಪಸು ಬಸ್ಸಿನಲ್ಲಿ ಮಂಜಣ್ಣ ಮೊಳಕಾಲ್ಮೂರು ಬರುವವರೆಗೆ ಕಿಟಕಿಯಾಚೆ ನೋಡುತ್ತ ಕೂತ.

ಮನೆಯಲ್ಲಿ ನನ್ನವಳು ಮಗನ ಮೋರೆ ನೋಡಿದೊಡನೆ ಎಲ್ಲ ಅರ್ಥಮಾಡಿಕೊಂಡಳು. "ಮಗ್ಗ ಉಳಿಸ್ಕಣಾಕೆ ಚಳ್ಳಕೆರೆಗಂಟ ಹೋಗಿ ನೆಪ ಹುಡುಕ್ಯಂಡು ಬಂದೈತೆ ಮುದುಕ." ನಾನು ರೇಗಿದೆ. ರೇಗಿದ ಮೇಲೆ ಮಗ್ಗದ ಹತ್ತಿರ ಕೂತು ಯೋಚಿಸಿದೆ. ಹೇಳಿದ ಕಾರಣ ಸುಳ್ಳಲ್ಲ. ಆದರೆ ಬೇಡವೆಂದದ್ದು ಅದಕ್ಕೇ ಎಂದು ಆಣೆ ಮಾಡುವ ಧೈರ್ಯ ನನಗಿರಲಿಲ್ಲ. ನನ್ನ ಮಾತಿನ ಹಿಂಬದಿಯನ್ನು ಇವಳು ತಿರುವಿ ನೋಡಿದ್ದಳು.

ಸಂಜೆ ಚಂದ್ರಕಲಾ ಬಂದಳು. ಗದ್ದದ ಮೇಲೆ ಸಣ್ಣದೊಂದು ಗಾಯದ ಗುರುತಿತ್ತು. ಫೋನಿನಲ್ಲಿ ಅದು ಒಮ್ಮೆಯೂ ಕಂಡಿರಲಿಲ್ಲ, ನನ್ನ ಊಹೆಯೂ ಅದನ್ನು ತುಂಬಿರಲಿಲ್ಲ. ಸೊಸೆ ಹೋಳಿಗೆ ಮಾಡಿದ್ದಳು. ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ಐದೂ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಎರಡು ತುತ್ತು ಇಳಿಯುವಷ್ಟರಲ್ಲಿ ನಾನೇ ಬಾಯಿಬಿಟ್ಟೆ: "ಮಂಜಣ್ಣ, ನೂಲಿನ ಮಾತು ಖರೇನೇ. ಆದ್ರೆ ಮಗ್ಗ ಬಿಚ್ಚಾಕೆ ಮನಸ್ಸು ಬರ್ಲಿಲ್ಲಪ್ಪ. ಕೂಸೇ, ನಿನಗೆ ಬೇಕಂದ್ರೆ ನಾಳೇನೇ ಬಿಚ್ತೀನಿ."

"ನಂಗ್ಯಾಕೆ ತಾತ ಥಿಯೇಟರ್ರು?" ಎಂದಳು ಚಂದ್ರಕಲಾ. "ನೈಟ್ ಡ್ಯೂಟಿ ಮುಗ್ಸಿ ಬಂದ ದಿನ ಹತ್ತು ಗಂಟೆವರೆಗೂ ನೀನು ಮಗ್ಗ ಮುಟ್ಟಬಾರ್ದು, ಅಷ್ಟೇ. ಆ ಸದ್ದಿಗೆ ಸತ್ತೋರೂ ಎದ್ದು ಕೂರ್ತಾರೆ."

"ಹನ್ನೆರಡರವರೆಗೂ ಮುಟ್ಟಲ್ಲ!" ಎಂದೆ. ಎಲ್ಲರೂ ನಕ್ಕರು, ಮಂಜಣ್ಣನೊಬ್ಬನನ್ನು ಬಿಟ್ಟು. ಅವನು ಮಗ್ಗದ ಕಡೆ ನೋಡುತ್ತಿದ್ದ.

"ಅಪ್ಪ, ಈ ಹಾಸಿನಾಗೆ ಇನ್ನೆಷ್ಟು ಸೀರೆ ಐತೆ?"

ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿದ ಮಗ್ಗವನ್ನು ಅಷ್ಟೂ ನೇಯ್ದು ಮುಗಿಸದೆ ನಡುವೆ ಬಿಚ್ಚುವವರಿಲ್ಲವೆಂದು ನೇಕಾರನ ಮಗನಾದ ಅವನಿಗೂ ಗೊತ್ತು.

"ಮೂರು" ಎಂದೆ, ಮೆಲ್ಲಗೆ.

ಮಂಜಣ್ಣ ತುಪ್ಪದ ಗಿಂಡಿ ಎತ್ತಿ ನನ್ನ ಹೋಳಿಗೆಯ ಮೇಲೆ ಬಗ್ಗಿಸಿದ. "ಸಾವಕಾಶ ನೇಯಿ" ಎಂದ.