ಶಿಳ್ಳೆ ಉಳಿಸುವ ಆರು ಚುಕ್ಕೆ

ಬೆಳಗಿನ ಆರೂವರೆ. ನ್ಯಾರಕೂರ್ಟ್ ಎಂಬ ಊರಿನ ಹಲ್ಲಿನ ಆಸ್ಪತ್ರೆಯಲ್ಲಿ ದೀಪ ಉರಿಯುತ್ತಿದೆ. ಇಲ್ಲಿನ ಕುರಿ ಸಾಕುವವರಿಗೆ ಒಂಬತ್ತು ಗಂಟೆಯೆಂದರೆ ಅರ್ಧ ದಿನ ಕಳೆದಂತೆ. ನರ್ಸ್ ನೋಲೀನ್ ಶುಲ್ಟ್ಸ್ ಬಿಳಿ ಪೆನ್ಸಿಲ್ ಹಿಡಿದು, ಲಯಲ್ ಮಿಬಸ್ ಅವರ ಕೆನ್ನೆಯ ಮೇಲೆ ಎರಡು ಬೆರಳಿಟ್ಟಿದ್ದಾರೆ.

"ಹಲ್ಲು ಕಚ್ಚಿ ಹಿಡೀರಿ."

"ಮೂವತ್ತು ವರ್ಷದಿಂದ ಅದೇ ತಾನೇ ಮಾಡ್ತಿರೋದು!"

ಸುಳ್ಳಲ್ಲ. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಲಯಲ್‌ರ ಎರಡು ದವಡೆ ಹಲ್ಲು ಸೀಳಿವೆ. ರಕ್ಷಣೆಗೆಂದು ಕೊಟ್ಟ ಪ್ಲಾಸ್ಟಿಕ್ ಕವಚವನ್ನೂ ಅಗಿದು ಮುಗಿಸಿದ್ದಾರೆ. "ನಾನು ಕಟ್ಕೊಂಡಿದ್ದು ಗಂಡನ್ನೋ, ಜಲ್ಲಿ ಮೆಷಿನ್ನೋ?" ಎಂದು ಹೆಂಡತಿ ಥೆಲ್ಮಾ ಹಾಸಿಗೆಯನ್ನು ಉಣ್ಣೆ ಶೆಡ್ಡಿಗೆ ಸಾಗಿಸಿದ್ದಾರೆ. ಈಗ ಸುಕ್ಕು ಬಿಡಿಸುವ ಬೊಟಾಕ್ಸನ್ನೇ ದವಡೆಯ ಸ್ನಾಯುವಿಗೆ ಚುಚ್ಚಿ ಅದರ ಸೊಕ್ಕು ಇಳಿಸಬೇಕಾಗಿದೆ.

ಲಯಲ್‌ಗೆ ದಿಗಿಲು. ಇನ್ನು ಮೂರು ವಾರಕ್ಕೆ ಕುರಿ ಅಟ್ಟುವ ನಾಯಿಗಳ ಪಂದ್ಯ. ಅವರ ಟಿಪ್ ಶಿಳ್ಳೆಗಲ್ಲದೆ ಬೇರಾವ ಮಾತಿಗೂ ಕಿವಿಗೊಡುವ ನಾಯಿಯಲ್ಲ. ಮದ್ದು ತುಸು ಮುಂದಕ್ಕೆ ಹರಿದರೂ ತುಟಿ ವಾರೆಯಾಗಬಹುದು. ಆಮೇಲೆ ಶಿಳ್ಳೆ ಎಲ್ಲಿಂದ?

ಚುಚ್ಚುವವರು ಡಾಕ್ಟರ್ ಲಿಯಾಂಗ್. ಅದಕ್ಕೂ ಮೊದಲು ಸೂಜಿಯ ಜಾಗ ಗುರುತಿಸಿ ಕೆನ್ನೆಗೆ ಮೂರರಂತೆ ಆರು ಚುಕ್ಕೆ ಇಡುವವರು ನೋಲೀನ್. ಚುಚ್ಚಿದ ಮೇಲೆ ಅವನ್ನು ಒರೆಸುವವರೂ ಅವರೇ. ದಿನಕ್ಕೆ ಐದಾರು ಮುಖ, ಹನ್ನೊಂದು ವರ್ಷ. ಮೊದಲು ಉಣ್ಣೆಯ ನಯ ನೋಡಿ ವಿಂಗಡಿಸುತ್ತಿದ್ದ ಬೆರಳುಗಳಿವು. ಅವರು ದುಡಿಯುತ್ತಿದ್ದ ಉಣ್ಣೆ ಶೆಡ್ಡು ಮುಚ್ಚಿದಾಗ, ನಲವತ್ತೊಂದನೆಯ ವಯಸ್ಸಿನಲ್ಲಿ ಈ ಕೆಲಸ ಕಲಿತರು.

"ಹಲ್ಲು ಕಚ್ಚಿಸೋದು ಎಲ್ಲರೂ ಮಾಡ್ತಾರೆ. ನಾನು ಅವರವರ ಬಾಯಿ ಕೆಲಸಾನೂ ಮಾಡಿಸ್ತೀನಿ. ಹರಾಜು ಕೂಗೋರು ಇಲ್ಲೇ ಕೂಗಬೇಕು," ಎನ್ನುವ ನೋಲೀನ್ ಲಯಲ್ ಕಡೆ ತಿರುಗುತ್ತಾರೆ. "ಈಗ ಶಿಳ್ಳೆ ಹಾಕಿ."

"ಇಲ್ಲೇನಾ? ಬೇಡ ನೋಲೀನ್..."

"ಹಾಕ್ರೀ, ನಾಚ್ಕೋಬೇಡಿ."

ಲಯಲ್ ಹಾಕುತ್ತಾರೆ. ಹೊರಗೆ ಗಾಡಿಯಲ್ಲಿದ್ದ ಟಿಪ್ ಜಿಗಿದು ಒಳನುಗ್ಗಿ, ಸರದಿಗೆ ಕಾದು ಕುಳಿತಿದ್ದ ನಾಲ್ವರನ್ನೂ ಎಬ್ಬಿಸಿ ಮೂಲೆಗೆ ಒತ್ತರಿಸಿ ನಿಲ್ಲಿಸುತ್ತದೆ. ಅವರಲ್ಲೊಬ್ಬರು ಊರಿನ ಪಾದ್ರಿ. "ನಾನು ಹಲ್ಲು ಕೀಳಿಸ್ಕೊಳ್ಳೋಕೆ ಬಂದಿದ್ದು ಕಣಯ್ಯಾ, ಉಣ್ಣೆ ಕತ್ತರಿಸ್ಕೊಳ್ಳೋಕಲ್ಲ!"

ನೋಲೀನ್ ಅತ್ತ ತಿರುಗುವುದೇ ಇಲ್ಲ. "ಇನ್ನೊಂದ್ಸಲ. ಮೆಲ್ಲಗೆ." ಶಿಳ್ಳೆಗೆ ಅಲುಗಿದ ಜಾಗ ನೋಡಿಕೊಂಡು, ತುಟಿಗೆ ಹತ್ತಿರದ ಚುಕ್ಕೆಯನ್ನು ಅರ್ಧ ಬೆರಳಗಲ ಹಿಂದಕ್ಕೆ ಸರಿಸುತ್ತಾರೆ.

ಮೂರು ವಾರದ ನಂತರ, ಪಂದ್ಯದಲ್ಲಿ ಟಿಪ್‌ಗೆ ನಾಲ್ಕನೆಯ ಸ್ಥಾನ. ಥೆಲ್ಮಾ ಮತ್ತೆ ಮನೆಯೊಳಗೆ ಮಲಗಲಾರಂಭಿಸಿ ವಾರವಾಗಿದೆ. ಜನ ಲಯಲ್‌ರ ಕೈಯನ್ನೂ ನಾಯಿಯ ಪಂಜವನ್ನೂ ಕುಲುಕುತ್ತಿದ್ದಾರೆ. ಬೇಲಿಗೊರಗಿ ನಿಂತ ನೋಲೀನ್‌ರನ್ನು ಪಂದ್ಯ ಹೇಗಿತ್ತೆಂದು ಕೇಳಿದರೆ ಲಯಲ್ ಕಡೆ ಬೆರಳು ತೋರಿಸುತ್ತಾರೆ.

"ಕುರಿ ಯಾವ ಕಡೆ ಹೋದ್ವೋ ನೋಡ್ಲೇ ಇಲ್ಲ. ನಾನು ಅವರ ತುಟೀನೇ ನೋಡ್ತಿದ್ದೆ. ಎರಡೂ ಕಡೆ ಸಮ ಇತ್ತು."